ಹಿತ್ತಲಿಗೆ ಬರೋ ಬೂದಳಿಲು, ಪಕ್ಕದ ಮನೆಯವರ ಬೋನು: ನೀವಾಗಿದ್ರೆ ಏನು ಮಾಡ್ತಿದ್ರಿ?

ತುಂಗಾತೀರ | ಪೆನ್ರಿತ್ ಹತ್ತಿರ, ಕಂಬ್ರಿಯಾ

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಈಗಿರೋದು ಇಂಗ್ಲೆಂಡಿನ ಉತ್ತರದ ಒಂದು ಹಳ್ಳಿಯಲ್ಲಿ. ಸ್ವಲ್ಪ ಉದ್ದದ ಕಥೆ, ಬೇಜಾರು ಮಾಡ್ಕೋಬೇಡಿ.

ಅಮ್ಮ ಆರು ತಿಂಗಳಿಗೆ ಅಂತ ಏಪ್ರಿಲ್‌ನಲ್ಲಿ ಬಂದಿದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ. ಅಡುಗೆಮನೆ ಕಿಟಕಿ ಎದುರು ಹಕ್ಕಿಗೆಂದು ಕಾಳಿನ ಡಬ್ಬಿ ನೇತುಹಾಕಿದ್ದೆ, ಅದಕ್ಕೆ ಒಂದು ಬೂದಳಿಲು ಬರೋಕೆ ಶುರುವಾಯ್ತು. ಮೊದಲ ದಿನ ಅಮ್ಮ ಅದನ್ನ ನೋಡಿ, "ಇದೇನೋ ಇದು, ಬೆನ್ನ ಮೇಲೆ ಗೆರೆಯೇ ಇಲ್ಲ! ರಾಮ ಈ ಕಡೆ ಬರಲೇ ಇಲ್ಲ ಅಂತ ಕಾಣುತ್ತೆ" ಅಂದ್ರು. ಎರಡನೇ ವಾರಕ್ಕೆ ಅದಕ್ಕೊಂದು ಹೆಸರೂ ಬಿತ್ತು, ಸುಬ್ಬ. ಬಲಗಿವಿ ಸ್ವಲ್ಪ ಹರಿದಿದೆ, ಹಾಗಾಗಿ ಗುರುತು ಸಿಗುತ್ತೆ. ಹಿಂಗಾಲಲ್ಲಿ ತಂತಿ ಹಿಡಿದು ತಲೆಕೆಳಗಾಗಿ ಜೋತುಬಿದ್ದು, ಮುಂಗಾಲಲ್ಲಿ ಕಡಲೆಬೀಜ ಒಂದೊಂದೇ ಎಳೆದು ತಿನ್ನುತ್ತೆ. ಆಮೇಲೆ ಹುಲ್ಲಿಗೆ ಇಳಿದು ಒಂದನ್ನ ಹೂತು, ಮೇಲೆ ಎರಡೂ ಕೈಯಲ್ಲಿ ತಟ್ಟುತ್ತೆ. ಅಕ್ಕಿರೊಟ್ಟಿ ತಟ್ಟೋ ಹಾಗೆ ಅಂತ ಅಮ್ಮನ ವಿವರಣೆ. ಸಂಜೆ ನಾನು ಬಂದ ತಕ್ಷಣ ಸುಬ್ಬನ ದಿನಚರಿ ವರದಿ.

ಕಳೆದ ಶನಿವಾರ ಪಕ್ಕದ ಮನೆಯ ಹಿರಿಯರು ಬಂದ್ರು. ಎಪ್ಪತ್ತು ದಾಟಿದ ಹೆಂಗಸು, ನಿವೃತ್ತ ಮೇಡಂ. ನಾವು ಈ ಮನೆಗೆ ಬಂದಾಗ ಮೊದಲು ಬಾಗಿಲು ತಟ್ಟಿ ಮಾತಾಡಿಸಿದ್ದು ಅವರೇ. ಹಿಮ ಬಿದ್ದರೆ ತಮ್ಮ ಮೆಟ್ಟಿಲ ಜೊತೆ ನಮ್ಮದನ್ನೂ ಗುಡಿಸಿ ಹೋಗೋ ಜನ. ಊರಿನ ಕೆಂಪಳಿಲು ಉಳಿಸೋ ಗುಂಪಿನಲ್ಲಿದ್ದಾರೆ. ಈ ಭಾಗದಲ್ಲಿ ಕೆಂಪು ಇನ್ನೂ ಉಳಿದಿದೆ, ನಿಮ್ಮ ಹಿತ್ತಲಿಗೆ ಬೂದು ಬರ್ತಿದೆ, ಡಬ್ಬಿ ಕೆಲವು ವಾರ ಇಳಿಸ್ತೀರಾ, ಬೇಲಿ ಪಕ್ಕ ಬೋನು ಇಡಬಹುದಾ ಅಂತ ಕೇಳಿದ್ರು. ಸಿಕ್ಕಿದ್ದನ್ನ ಏನು ಮಾಡ್ತೀರಿ ಅಂದೆ. ಕಣ್ಣು ತಪ್ಪಿಸದೆ ಹೇಳಿದ್ರು: ಕೊಲ್ತೀವಿ, ತಡ ಮಾಡಲ್ಲ, ನರಳೋಕೆ ಬಿಡಲ್ಲ.

ಅಮ್ಮ ಒಳಗಿಂದ "ಏನಂತೋ?" ಅಂದ್ರು. "ಸುಬ್ಬನ್ನ ಹಿಡಿದು ದೂರದ ಕಾಡಿಗೆ ಬಿಡ್ತಾರಂತೆ" ಅಂದೆ.

ಅದು ಬಾಯಿಗೆ ಹೇಗೆ ಬಂತೋ. ಅವರಿಗೆ ಯೋಚಿಸಿ ಹೇಳ್ತೀನಿ ಅಂದಿದ್ದೀನಿ, ಯೋಚನೆ ಮಾತ್ರ ಮುಂದಕ್ಕೆ ಹೋಗ್ತಿಲ್ಲ. ನೀವಾಗಿದ್ರೆ?

ಕೆಂಗೇರಿ ಗುರು | ಹ್ಯಾರೋ, ಲಂಡನ್

ಬೇಡ ಅಂತ ನೇರವಾಗಿ ಹೇಳಿಬಿಡಿ ಸಾರ್. ಇದೇನು ನ್ಯಾಯ? ನನ್ನ ಮಗ ಇಲ್ಲೇ ಹುಟ್ಟಿದವನು, ಒಂಬತ್ತು ವರ್ಷ, ಅವನ ಲೆಕ್ಕದಲ್ಲಿ ಅಳಿಲು ಅಂದ್ರೆ ಬೂದು. ಹೈಡ್ ಪಾರ್ಕಲ್ಲಿ ಅವನ ಪ್ಯಾಂಟು ಹಿಡಿದು ಹತ್ತಿದ ಪ್ರಾಣಿ ಅದು. ಕೆಂಪಳಿಲನ್ನ ಅವನು ನೋಡಿರೋದು ಕ್ರಿಸ್‌ಮಸ್ ಕಾರ್ಡಿನಲ್ಲಿ ಮಾತ್ರ. ಕಾರ್ಡಿನ ಪ್ರಾಣಿಗೋಸ್ಕರ ಕಣ್ಣೆದುರಿಗಿರೋದನ್ನ ಕೊಲ್ಲೋದಾ?

ಕಾಡುಮಲ್ಲಿಗೆ | ಅಬರ್ಡೀನ್, ಸ್ಕಾಟ್ಲೆಂಡ್

ಗುರು ಅವರೇ, ನಿಮ್ಮ ಮಗ ನೋಡಿಲ್ಲ ಅನ್ನೋದೇ ಇಲ್ಲಿನ ಸಮಸ್ಯೆ. ಅವನ ವಯಸ್ಸಿನಲ್ಲಿ ಲಂಡನ್ನಿನ ಮುತ್ತಜ್ಜಿಯೊಬ್ಬರು ನೋಡಿರ್ತಿದ್ರು.

ನಾನು ಅರಣ್ಯದ ಕೆಲಸದಲ್ಲಿರೋಳು, ಅದರಿಂದ ಸ್ವಲ್ಪ ಉದ್ದ ಬರೀತೀನಿ. 2018ರ ಲೆಕ್ಕದ ಪ್ರಕಾರ ಬ್ರಿಟನ್ನಿನಲ್ಲಿ ಬೂದಳಿಲು ಸುಮಾರು 27 ಲಕ್ಷ. ಕೆಂಪು 2,87,000. ಅದರಲ್ಲೂ ಬಹುಪಾಲು ನಮ್ಮ ಸ್ಕಾಟ್ಲೆಂಡಿನಲ್ಲಿ, ಇಡೀ ಇಂಗ್ಲೆಂಡಿಗೆ ಸೇರಿ 40,000ದೊಳಗೆ. ತುಂಗಾತೀರ ಅವರ ಕಂಬ್ರಿಯಾ, ಅದರ ಪಕ್ಕದ ಕೀಲ್ಡರ್ ಕಾಡು, ಆಮೇಲೆ ಫಾರ್ಮ್‌ಬಿಯ ಪೈನ್ ತೋಪು, ವೈಟ್ ದ್ವೀಪ, ಬ್ರೌನ್ಸೀ ದ್ವೀಪ. ಬೆರಳಲ್ಲಿ ಎಣಿಸಬಹುದಾದಷ್ಟು ಜಾಗ.

ಬೂದಳಿಲು ಕೆಂಪನ್ನ ಕಚ್ಚಿ ಓಡಿಸುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗೇನಿಲ್ಲ. ಮೊದಲನೆಯದು ಊಟದ ಲೆಕ್ಕ. ಕೆಂಪು ಸುಮಾರು 300 ಗ್ರಾಂ ತೂಗಿದ್ರೆ ಬೂದು 500-600. ಓಕ್ ಮರದ ಕಾಯಿಯ ಒಗರು ಬೂದಿನ ಹೊಟ್ಟೆಗೆ ಜೀರ್ಣವಾಗುತ್ತೆ, ಕೆಂಪಿಗೆ ಅಷ್ಟಾಗಿ ಆಗಲ್ಲ. ಹೇಜಲ್ ಕಾಯಿಯನ್ನ ಇನ್ನೂ ಎಳೆಯದಾಗಿರುವಾಗಲೇ ಬೂದು ಮುಗಿಸಿಬಿಡುತ್ತೆ, ಬಲಿಯಲಿ ಅಂತ ಕಾಯೋ ಕೆಂಪಿಗೆ ಚಿಪ್ಪು ಮಾತ್ರ. ಎಲೆ ಉದುರೋ ಕಾಡಿನಲ್ಲಿ ಕೆಂಪು ಸೋಲೋದು ಇದರಿಂದ. ಪೈನ್, ಸ್ಪ್ರೂಸ್ ಇರೋ ಕಡೆ ಹೇಗೋ ಹಿಡಿದುಕೊಂಡಿದೆ.

ಎರಡನೆಯದು ಅಳಿಲು ಸಿಡುಬು. ಬೂದಳಿಲು ಈ ವೈರಸ್ಸನ್ನ ಹೊತ್ತು ತಿರುಗುತ್ತೆ, ಅದಕ್ಕೇನೂ ಆಗಲ್ಲ. ಕೆಂಪಿಗೆ ತಗುಲಿದ್ರೆ ಎರಡು ವಾರದಲ್ಲಿ ಸಾವು. ನಾನು ಒಂದನ್ನ ಹತ್ತಿರದಿಂದ ನೋಡಿದ್ದೀನಿ, ದಕ್ಷಿಣದ ಗಡಿ ಕಡೆ ಕೆಲಸಕ್ಕೆ ಹೋಗಿದ್ದಾಗ. ಮರದ ಬುಡದಲ್ಲಿ ಕೂತಿತ್ತು, ನಾನು ನಾಲ್ಕಡಿ ಹತ್ತಿರ ಹೋದ್ರೂ ಓಡಲಿಲ್ಲ. ಕಣ್ಣ ರೆಪ್ಪೆ ಊದಿ ಮುಚ್ಚಿಹೋಗಿತ್ತು, ಮೂತಿಯ ಸುತ್ತ, ಬೆರಳ ಸಂದಿಯಲ್ಲಿ ಹಸಿ ಹುಣ್ಣು. ಎದುರಿಗಿದ್ದ ಕಾಯಿಯನ್ನ ಎತ್ತಿಕೊಳ್ಳೋಕೆ ನೋಡ್ತಿತ್ತು, ಕೈಯಲ್ಲಿ ನಿಲ್ತಿರಲಿಲ್ಲ, ಮತ್ತೆ ಎತ್ತೋದು, ಮತ್ತೆ ಬೀಳೋದು. 2008ರಲ್ಲಿ ಫಾರ್ಮ್‌ಬಿಯಲ್ಲಿ ಈ ರೋಗ ಬಂದಾಗ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಸತ್ತವು. ರೋಗವಿರೋ ಕಡೆ ಬೂದು ಕೆಂಪಿನ ಜಾಗ ಹಿಡಿಯೋ ವೇಗ, ರೋಗವಿಲ್ಲದ ಕಡೆಗಿಂತ 17ರಿಂದ 25 ಪಟ್ಟು ಅಂತ ಲೆಕ್ಕ ಹಾಕಿದ್ದಾರೆ.

ಅಂದ ಹಾಗೆ "ಹಿಡಿದು ಕಾಡಿಗೆ ಬಿಡೋದು" ಇಲ್ಲಿ ಕಾನೂನಿಗೆ ವಿರುದ್ಧ. 1981ರ ವನ್ಯಜೀವಿ ಕಾಯ್ದೆ ಪ್ರಕಾರ ಒಮ್ಮೆ ಹಿಡಿದ ಬೂದಳಿಲನ್ನ ಮತ್ತೆ ಹೊರಗೆ ಬಿಡೋ ಹಾಗಿಲ್ಲ. ನಿಮ್ಮ ಅಮ್ಮನಿಗೆ ಹೇಳಿದ್ದು ಸುಳ್ಳಷ್ಟೇ ಅಲ್ಲ, ಅಪರಾಧದ ಸುಳ್ಳು. ತಮಾಷೆಗೆ ಅಂದೆ.

ತುಂಗಾತೀರ

ಡಬ್ಬಿ ಇಳಿಸಿ ಅಂದಿದ್ದು ಅದಕ್ಕೇನಾ? ಎರಡೂ ಒಂದೇ ಡಬ್ಬಿಗೆ ಬಾಯಿ ಹಾಕಿದ್ರೆ ರೋಗ ದಾಟುತ್ತೆ ಅಂತ?

ಕಾಡುಮಲ್ಲಿಗೆ

ಹೌದು. ಇಳಿಸಿ, ಸೋಂಕುನಿವಾರಕ ಹಾಕಿ ಉಜ್ಜಿ ತೊಳೀರಿ. ಬೋನಿಗೆ ಒಪ್ಪೋದು ಬಿಡೋದು ಆಮೇಲಿನ ಮಾತು, ಡಬ್ಬಿ ಮಾತ್ರ ಇವತ್ತೇ ಇಳಿಸಿ.

ಗಂಡುಮೆಟ್ಟಿನ ಮಂದಿ | ಧಾರವಾಡ

ನಮಸ್ಕಾರ್ರೀ ಎಲ್ಲಾರಿಗೂ. ನಾ ಇಂಗ್ಲೆಂಡ್ ನೋಡಿಲ್ಲ, ಅಳಿಲು ನೋಡೇನಿ. ಒಂದು ಕೇಳ್ತೀನ್ರಿ. ಈ ಬೂದು ಅಮೇರಿಕದ್ದು ಅಂತೀರಿ. ಸಮುದ್ರ ಈಜಿ ಬಂತೇನ್ರಿ? ತಂದು ಬಿಟ್ಟಾಂವ ಯಾರು? ಅಂವಗೇನು ಶಿಕ್ಷಾ ಆತು?

ಹಳೇ ಕಡತ | ಎಡಿನ್‌ಬರೋ

ಸರಿಯಾದ ಪ್ರಶ್ನೆ. ಶಿಕ್ಷೆ ಏನೂ ಆಗಲಿಲ್ಲ, ಎಲ್ಲರೂ ದೊಡ್ಡಮನುಷ್ಯರು.

1876ರಲ್ಲಿ ಚೆಷೈರಿನ ಹೆನ್ಬರಿ ಪಾರ್ಕ್ ಅನ್ನೋ ಎಸ್ಟೇಟಿನಲ್ಲಿ ಥಾಮಸ್ ಬ್ರಾಕಲ್‌ಹರ್ಸ್ಟ್ ಅನ್ನೋರು ಒಂದು ಜೋಡಿ ಬಿಟ್ಟರು. ದಾಖಲೆಯಲ್ಲಿ ಸಾಮಾನ್ಯವಾಗಿ ಶುರುವಾಗೋದು ಅಲ್ಲಿಂದ. 1890ರಲ್ಲಿ ವೋಬರ್ನ್ ಅಬೆಯಲ್ಲಿ ಹತ್ತು ಬಿಟ್ಟರು, ಅವು ಬಂದದ್ದು ನ್ಯೂಜೆರ್ಸಿಯಿಂದ. ಅಲ್ಲಿನ ಒಡೆಯರು, ಬೆಡ್‌ಫರ್ಡಿನ 11ನೇ ಡ್ಯೂಕ್, ತಮ್ಮಲ್ಲಿ ಹೆಚ್ಚಿದ್ದನ್ನ ಬಾಗಿನ ಹಂಚಿದ ಹಾಗೆ ಊರೂರಿಗೆ ಹಂಚಿದ್ರು, ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೂ ಹೋಯ್ತು. ಐರ್ಲೆಂಡಿನ ಕಥೆ ಇನ್ನೂ ಚೆನ್ನಾಗಿದೆ. 1911ರಲ್ಲಿ ಲಾಂಗ್‌ಫರ್ಡ್ ಕೌಂಟಿಯ ಕ್ಯಾಸಲ್ ಫೋರ್ಬ್ಸ್‌ನಲ್ಲಿ ಒಂದು ಮದುವೆ, ಉಡುಗೊರೆಯಾಗಿ ಬುಟ್ಟಿಯಲ್ಲಿ ಒಂದು ಡಜನ್ ಬೂದಳಿಲು. ಬುಟ್ಟಿ ತೆಗೆದ್ರು, ಅವು ಕಾಡಿಗೆ ಹೋದವು. ಅಲ್ಲಿಂದ ಅರ್ಧ ಐರ್ಲೆಂಡು. ಸರ್ಕಾರ ಎಚ್ಚೆತ್ತು ತರೋದು ಸಾಕೋದು ನಿಷೇಧ ಅಂದಿದ್ದು 1937ರಲ್ಲಿ. ಆಗ ನಾಲ್ಕೂ ದಿಕ್ಕು ಹಬ್ಬಿ ಆಗಿತ್ತು.

ಗಂಡುಮೆಟ್ಟಿನ ಮಂದಿ

ಮದುವಿಗೆ ಅಳಿಲು ಕೊಡೂದು! ನಮ್ಮ ಕಡೆ ಸ್ಟೀಲ್ ಡಬ್ಬಿ ಕೊಟ್ಟು ಕೈ ತೊಳ್ಕೋತಾರ, ಅದ ವಾಸಿ ನೋಡ್ರಿ.

ಎಡಿಸನ್ ಎಂಕಣ್ಣ | ನ್ಯೂಜೆರ್ಸಿ

ಆ ಹತ್ತು ನಮ್ಮೂರಿನವೇ ಅಂದ್ರೆ ಕ್ಷಮೆ ಕೇಳ್ತೀನಪ್ಪ, ನಾನು ಆಗ ಇಲ್ಲಿರಲಿಲ್ಲ.

ಇಲ್ಲಿ ಬೂದಳಿಲನ್ನ ಯಾರೂ ಶತ್ರು ಅನ್ನಲ್ಲ. ಹಕ್ಕಿ ಕಾಳು ಕದಿಯೋ ಕಳ್ಳ ಅಂತ ಬೈತಾರೆ, ಅಷ್ಟೇ. ಇದರ ವೈಜ್ಞಾನಿಕ ಹೆಸರಿನಲ್ಲೇ ಕ್ಯಾರೊಲಿನಾ ಇದೆ, ಮನೆಮಗ. ಆದ್ರೆ ಒಂದು ವಿಷಯ ಓದಿ ಆಶ್ಚರ್ಯ ಆಯ್ತು. ಅಮೇರಿಕದ ಪಟ್ಟಣಗಳಲ್ಲೂ ಇವು ತಾವಾಗಿ ಬಂದವಲ್ಲ. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸ್ಕ್ವೇರ್‌ನಲ್ಲಿ 1847ರಲ್ಲಿ ಮೂರು ಅಳಿಲು ತಂದುಬಿಟ್ಟು, ಗೂಡಿನ ಪೆಟ್ಟಿಗೆ ಕಟ್ಟಿ, ತಿನ್ನೋಕೆ ಇಟ್ಟರಂತೆ. ಪಟ್ಟಣದ ಜನಕ್ಕೆ ಪ್ರಾಣಿದಯೆ ಕಲಿಯಲಿ ಅಂತ. ಆಮೇಲೆ ಬಾಸ್ಟನ್, ನ್ಯೂಯಾರ್ಕ್. ಹಾಗಾಗಿ ಪಾರ್ಕಿನ ಅಳಿಲು ಅನ್ನೋದೇ ಮನುಷ್ಯ ಕಟ್ಟಿದ ಚಿತ್ರ.

ಇನ್ನೊಂದು, ನಮ್ಮಲ್ಲೂ ಕೆಂಪಳಿಲು ಇದೆ, ಬೂದಿನ ಜೊತೆಗೇ ಬದುಕ್ತಿದೆ. ಅಲ್ಲಿ ಯಾಕೆ ಆಗಲ್ಲ?

ಕಾಡುಮಲ್ಲಿಗೆ

ಎಂಕಣ್ಣ, ನಿಮ್ಮ ಕೆಂಪು ಬೇರೆ, ಇಲ್ಲಿನದು ಬೇರೆ. ಕುಲವೇ ಬೇರೆ, ಬಣ್ಣದಿಂದ ಹೆಸರು ಒಂದಾಗಿದೆ ಅಷ್ಟೇ. ನಿಮ್ಮದು ಬೂದಿನ ಜೊತೆ ಸಾವಿರಾರು ವರ್ಷ ಬೆಳೆದು ಬಂದದ್ದು, ಗಾತ್ರ ಚಿಕ್ಕದಾದ್ರೂ ಜಗಳಗಂಟಿ. ಇಲ್ಲಿನದಕ್ಕೆ ಬೂದು ಎದುರಾಗಿ ಇನ್ನೂ ನೂರೈವತ್ತು ವರ್ಷ.

ಪುತ್ತೂರು ತೋಟ | ದಕ್ಷಿಣ ಕನ್ನಡ

ಹೆಸರಿನ ವಿಷಯ ಬಂತಲ್ಲ, ನನಗೂ ಒಂದು ಗೊಂದಲ ಉಂಟು. ನೀವು ಕೆಂಪಳಿಲು ಕೆಂಪಳಿಲು ಅನ್ನುವಾಗ ನನ್ನ ಕಣ್ಣಿಗೆ ಬರುವುದು ನಮ್ಮ ಘಟ್ಟದ ಕೆಂಜಳಿಲು ಮಾರಾಯ್ರೆ. ಅದು ಬಾಲ ಸೇರಿ ಮೂರಡಿ. ಇಲ್ಲಿ ಅದು ತೆಂಗಿನಕಾಯಿಗೆ ತೂತು ಕೊರೆಯುತ್ತದೆ, ಸಣ್ಣ ಅಳಿಲು ಕೊಕ್ಕೋ ಕಾಯಿ ಕೊರೆಯುತ್ತದೆ, ನಾವು ಇಬ್ಬರಿಗೂ ಬೈಯುತ್ತೇವೆ, ಯಾರೂ ಕೊಲ್ಲಲಿಕ್ಕೆ ಹೋಗುವುದಿಲ್ಲ. ಕೆಂಜಳಿಲಿಗೆ ಕಾನೂನಿನ ರಕ್ಷಣೆ ಉಂಟು, ಅದು ಬೇರೆ. ಆದರೆ ಇಬ್ಬರೂ ಇಲ್ಲಿಯವರೇ, ನಷ್ಟ ನನ್ನೊಬ್ಬನದು. ಅಲ್ಲಿ ಅಳಿಲಿನಿಂದ ಅಳಿಲಿಗೇ ನಷ್ಟ. ಅದು ನನಗೆ ಹೊಸದು.

ಕೆಂಗೇರಿ ಗುರು

ಎಲ್ಲರೂ ವಿಜ್ಞಾನ ಹೇಳ್ತಿದ್ದೀರಿ, ಸರಿ. ನಾನು ನೋಡಿದ್ದು ಹೇಳ್ತೀನಿ. ಹಿಂದೆ ಕೆಲಸದ ಮೇಲೆ ಯಾರ್ಕ್‌ಷೈರ್ ಕಡೆ ಹೋಗಿದ್ದಾಗ ಪಬ್‌ನಲ್ಲಿ ಒಬ್ಬ ಇದೇ ಅಳಿಲಿನ ಮಾತು ತೆಗೆದ. "ಹೊರಗಿಂದ ಬಂದವು, ಒಂದಕ್ಕೆರಡು ಹೆರ್ತವೆ, ನಮ್ಮವರ ಅನ್ನ ತಿಂತವೆ, ರೋಗ ತರ್ತವೆ." ಹೇಳ್ತಾ ಹೇಳ್ತಾ ನನ್ನ ಮುಖ ನೋಡಿ ಥಟ್ಟನೆ ನಿಲ್ಲಿಸಿ, "ಅಳಿಲಿನ ವಿಷಯ ಹೇಳಿದ್ದು" ಅಂದ. ನಾನು ಗೊತ್ತು ಅಂದೆ. ಆ ಟೇಬಲ್ಲಿನಲ್ಲಿ ಆಮೇಲೆ ಯಾರೂ ಸರಿಯಾಗಿ ಮಾತಾಡಲಿಲ್ಲ.

ಮರದ ಇಲಿ, ದಾಳಿಕೋರ, ಇದೇ ಪದಗಳು ಪೇಪರಿನಲ್ಲೂ. ಹಾಗಾಗಿ ಬೂದಳಿಲಿನ ಪರ ಅಂದ್ರೆ ನನಗೆ ಸ್ವಲ್ಪ ಸ್ವಂತದ ವಿಷಯ.

ಹಳೇ ಕಡತ

ಗುರು, ನಿಮಗೆ ಇನ್ನೊಂದು ಕಡತ ಕೊಡ್ತೀನಿ. ಈ "ನಮ್ಮ ಕೆಂಪಳಿಲು" ಅನ್ನೋ ಪ್ರೀತಿಗೂ ಅಷ್ಟೊಂದು ವಯಸ್ಸಾಗಿಲ್ಲ.

1700ರ ದಶಕದ ಕೊನೆ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಕಾಡು ಕಡಿದೂ ಕಡಿದೂ ಕೆಂಪಳಿಲು ಹೆಚ್ಚುಕಡಿಮೆ ಮುಗಿದಿತ್ತು. ಜಮೀನ್ದಾರರೇ ಬೇರೆ ಕಡೆಯಿಂದ ತಂದು ಬಿಟ್ಟರು. ಹೊಸದಾಗಿ ಪೈನ್ ನೆಟ್ಟ ತೋಪುಗಳಲ್ಲಿ ಅದು ಎಷ್ಟು ಹೆಚ್ಚಿತು ಅಂದ್ರೆ, ಸಸಿಯ ತೊಗಟೆ ಸುಲಿಯುತ್ತೆ ಅಂತ 1903ರಲ್ಲಿ ಉತ್ತರದ ಜಮೀನ್ದಾರರು ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್ ಕಟ್ಟಿ ಬಾಲಕ್ಕಿಷ್ಟು ಅಂತ ದುಡ್ಡು ಕೊಟ್ಟು ಕೊಲ್ಲಿಸಿದ್ರು. ಕೆಲವು ದಶಕಗಳಲ್ಲಿ 80,000ಕ್ಕೂ ಹೆಚ್ಚು. ನೆನಪಿರಲಿ, ಕೊಂದದ್ದು ಕೆಂಪನ್ನ. ಅದೇ 1903ರಲ್ಲಿ ಬಿಯಾಟ್ರಿಕ್ಸ್ ಪಾಟರ್ ಅವರ ನಟ್‌ಕಿನ್ ಅನ್ನೋ ಕೆಂಪಳಿಲಿನ ಮಕ್ಕಳ ಪುಸ್ತಕ ಬಂತು. ಒಂದು ಕಡೆ ಮಕ್ಕಳ ಕೈಯಲ್ಲಿ ಚಿತ್ರ, ಇನ್ನೊಂದು ಕಡೆ ಗುಮಾಸ್ತನ ಮೇಜಿನ ಮೇಲೆ ಬಾಲದ ಕಟ್ಟು.

ಮುಂದೆ ಸರದಿ ಬೂದಿನದು. 1953ರಿಂದ 1958ರ ತನಕ ಸರ್ಕಾರವೇ ಒಂದು ಬಾಲಕ್ಕೆ ಒಂದು ಶಿಲ್ಲಿಂಗ್, ಆಮೇಲೆ ಎರಡು ಕೊಟ್ಟಿತು. ಹತ್ತು ಲಕ್ಷಕ್ಕೂ ಮೀರಿ ಬಾಲ ಬಂತು, ಬೂದಳಿಲು ಹಬ್ಬೋದು ನಿಲ್ಲಲಿಲ್ಲ. ತಮಾಷೆ ಏನಂದ್ರೆ ಆ 1953ರಲ್ಲೇ ರಸ್ತೆ ಸುರಕ್ಷತೆ ಕಲಿಸೋಕೆ ಟಫ್ಟಿ ಅನ್ನೋ ಅಳಿಲನ್ನ ಸೃಷ್ಟಿಸಿದ್ರು. ಅದು ಕೆಂಪು. ತುಂಗಾತೀರ ಅವರ ಪಕ್ಕದ ಮನೆಯವರಿಗೆ ಎಪ್ಪತ್ತು ದಾಟಿದೆ ಅಂದ್ರಲ್ಲ, ರಸ್ತೆ ದಾಟೋದನ್ನ ಅವರು ಕೆಂಪಳಿಲಿನ ಕೈಹಿಡಿದೇ ಕಲಿತಿರ್ತಾರೆ. ಗುರು ಅವರ ಮಗ ಬೂದಳಿಲಿನ ಜೊತೆ ಆಡಿ ಬೆಳೀತಿದ್ದಾನೆ. ಇಬ್ಬರೂ ಬಾಲ್ಯವನ್ನೇ ವಾದಿಸ್ತಿದ್ದಾರೆ ಅಂತ ನನಗನಿಸುತ್ತೆ.

ಕಾಡುಮಲ್ಲಿಗೆ

ಇದನ್ನ ಒಪ್ತೀನಿ, ಒಂದು ಸೇರಿಸ್ತೀನಿ. ಕೆಂಪೂ ಶುದ್ಧ ಸಂತನಲ್ಲ. ಬ್ರೌನ್ಸೀ ದ್ವೀಪದ ಕೆಂಪಳಿಲುಗಳಲ್ಲಿ ಕುಷ್ಠರೋಗದ ಬ್ಯಾಕ್ಟೀರಿಯಾ ಇರೋದು 2016ರಲ್ಲಿ ಪ್ರಕಟವಾಯ್ತು, ಅದೂ ಮಧ್ಯಯುಗದ ಇಂಗ್ಲೆಂಡಿನ ಮನುಷ್ಯರಲ್ಲಿದ್ದ ತಳಿಗೆ ಹತ್ತಿರದ್ದು. ಆ ದ್ವೀಪದಲ್ಲಿ ಬೂದಳಿಲು ಇಲ್ಲವೇ ಇಲ್ಲ.

ಆದ್ರೆ ಗುರು, ಪಬ್‌ನವನ ಮಾತು ಕೆಟ್ಟದ್ದು ಅಂತ ಸಿಡುಬು ಸುಳ್ಳಾಗಲ್ಲ. ಅವನು ಅಳಿಲನ್ನ ನಿಮಗೆ ಹೋಲಿಸಿದ, ನೀವು ನಿಮ್ಮನ್ನ ಅಳಿಲಿಗೆ ಹೋಲಿಸ್ಕೊಂಡ್ರಿ. ಇಬ್ಬರ ನಡುವೆ ಮರದ ಬುಡದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಪ್ರಾಣಿ ಎಲ್ಲಿ ಹೋಯ್ತು?

ಕೆಂಗೇರಿ ಗುರು

ಇದು ಸ್ವಲ್ಪ ನಾಟಿತು. ಇರಲಿ.

ಪೋ ನದಿ ಪಕ್ಕ | ಟೊರಿನೊ, ಇಟಲಿ

ಇಟಲಿಯ ಕಥೆ ಹೇಳದೆ ಈ ಚರ್ಚೆ ಪೂರ್ತಿಯಾಗಲ್ಲ. ನಾನಿರೋ ಊರಿನ ಅಂಚಿನಲ್ಲೇ ಸ್ಟುಪಿನಿಜಿ ಅನ್ನೋ ಅರಮನೆ ಇದೆ. 1948ರಲ್ಲಿ ಅಲ್ಲಿ ಬೂದಳಿಲು ಬಿಟ್ಟರು, ಬರೀ ನಾಲ್ಕು. ಐವತ್ತು ವರ್ಷದಲ್ಲಿ ಪಿಯೆಮಾಂಟೆ ಬಯಲಿಗೆ ಹಬ್ಬಿದವು. ಇನ್ನು ಆಲ್ಪ್ಸ್ ದಾಟಿದ್ರೆ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಡೀ ಯುರೋಪು ಅಂತ ವಿಜ್ಞಾನಿಗಳಿಗೆ ದಿಗಿಲು.

1997ರಲ್ಲಿ ರಾಕೊನಿಜಿ ಅನ್ನೋ ಕಡೆಯ ಉದ್ಯಾನದಲ್ಲಿ ಪ್ರಯೋಗಕ್ಕೆ ಕೈ ಹಾಕಿದ್ರು. ಬೋನಿನಲ್ಲಿ ಹಿಡಿದು, ಅರಿವಳಿಕೆ ಕೊಟ್ಟು ಕೊಲ್ಲೋದು. ನೂರೆಂಬತ್ತು ಚಿಲ್ಲರೆ ಹಿಡಿದಿದ್ರು, ಅಷ್ಟರಲ್ಲಿ ಪ್ರಾಣಿದಯಾ ಸಂಘಟನೆಗಳು ಕೋರ್ಟಿಗೆ ಹೋದವು. ಕೆಲಸ ನಿಂತಿತು, ವಿಜ್ಞಾನಿಗಳೇ ಆರೋಪಿಗಳಾದ್ರು. 2000ದಲ್ಲಿ ನಿರ್ದೋಷಿ ಅಂತ ಬಿಡುಗಡೆ ಆಯ್ತು. ಆ ಮೂರು ವರ್ಷದಲ್ಲಿ ಅಳಿಲು ಕೋರ್ಟಿನ ತಾರೀಕು ಕಾಯ್ತಾ ಕೂರಲಿಲ್ಲ, ಹಬ್ಬಿತು. ಪೂರ್ತಿ ತೆಗೆಯೋ ಅವಕಾಶ ಅಲ್ಲಿಗೆ ಮುಗೀತು.

ಆ ಸಂಘಟನೆಗಳಿಗೆ ದುಡ್ಡು ಕೊಟ್ಟವರು ಕೆಟ್ಟವರಲ್ಲ. ಬಹುಶಃ ತುಂಗಾತೀರ ಅವರ ಅಮ್ಮನಂಥವರೇ. ಆಮೇಲೆ ಜೆನೋವಾದ ನೆರ್ವಿ ಉದ್ಯಾನದಲ್ಲಿ ಜನ ಒಪ್ಪಲ್ಲ ಅಂತ ಹಿಡಿದು ಸಂತಾನಹರಣ ಆಪರೇಷನ್ ಮಾಡಿ ಬೇರೆ ಪಾರ್ಕಿಗೆ ಬಿಟ್ಟರು. ನಮ್ಮ ಬೆಂಗಳೂರಿನಲ್ಲಿ ಬೀದಿನಾಯಿಗೆ ಮಾಡೋ ಹಾಗೆ. ಖರ್ಚು ಯೋಚಿಸಿ.

ಅಳಿಲುಸೇವೆ | ಪರ್ತ್, ಆಸ್ಟ್ರೇಲಿಯಾ

ನನ್ನ ಹೆಸರು ನೋಡಿಯೇ ನಗ್ತೀರಿ. ಇಲ್ಲಿ ಆರೋಪಿ ಸ್ಥಾನದಲ್ಲಿರೋದು ನಮ್ಮವನೇ. 1898ರಲ್ಲಿ ಪರ್ತ್ ಮೃಗಾಲಯದಿಂದ ಭಾರತದ ಗೆರೆ ಅಳಿಲನ್ನ ಹೊರಗೆ ಬಿಟ್ಟರು, ಮೃಗಾಲಯದ ಸುತ್ತಮುತ್ತ ನೆಲೆಯೂರಿತು. ನಮ್ಮ ಮೂರು ಗೆರೆಯದಲ್ಲ, ಉತ್ತರದ ಐದು ಗೆರೆಯದು. ಅಳಿಲೇ ಇಲ್ಲದ ಖಂಡದಲ್ಲಿ ಯೂಕಲಿಪ್ಟಸ್ ಮರದ ಮೇಲೆ ಅದು "ಚಿಕ್ ಚಿಕ್ ಚಿಕ್" ಅಂದಾಗ ನನಗೆ ಚಾಮರಾಜನಗರದ ಅಜ್ಜಿ ಮನೆ ಹೆಂಚು ನೆನಪಾಗಿ ಕಣ್ಣು ತುಂಬಿತ್ತು. ಆಫೀಸಿನಲ್ಲಿ ಹೇಳಿದೆ. ಅವರು "ಓ, ಆ ಪಿಡುಗಾ" ಅಂದ್ರು.

ಪುತ್ತೂರು ತೋಟ

ಕೊಲ್ಲದೆ ದಾರಿಯೇ ಇಲ್ಲವಾ ಕಾಡುಮಲ್ಲಿಗೆ ಅವರೇ?

ಕಾಡುಮಲ್ಲಿಗೆ

ಇದೆ, ನಿಧಾನ. ನನಗೆ ಬಹಳ ಇಷ್ಟವಾದದ್ದು ಪೈನ್ ಮಾರ್ಟೆನ್, ಮರ ಹತ್ತಿ ಅಳಿಲನ್ನ ಹಿಡಿದು ತಿನ್ನೋ ಪ್ರಾಣಿ. ನಿಮ್ಮ ಘಟ್ಟದಲ್ಲಿ ನೀಲಗಿರಿ ಮಾರ್ಟೆನ್ ಇದೆಯಲ್ಲ, ಕೊರಳಲ್ಲಿ ಹಳದಿ, ಅದರ ದಾಯಾದಿ. ಬೇಟೆಯಿಂದ ಇಂಗ್ಲೆಂಡ್, ವೇಲ್ಸಿನಲ್ಲಿ ನಿರ್ನಾಮದ ಅಂಚಿಗೆ ಬಂದಿತ್ತು. ಐರ್ಲೆಂಡಿನ ನಡುಭಾಗದಲ್ಲಿ ಅದು ಮತ್ತೆ ಹೆಚ್ಚಿದ ಕಡೆ ಬೂದು ಕಾಣೆಯಾಗಿ ಕೆಂಪು ವಾಪಸ್ ಬಂತು, 2014ರಲ್ಲಿ ಅಧ್ಯಯನ ಪ್ರಕಟವಾಯ್ತು. ಕೆಂಪಿಗೆ ಮಾರ್ಟೆನ್ನಿನ ವಾಸನೆ ಗೊತ್ತು, ಆ ವಾಸನೆಯಿದ್ದ ಕಡೆ ಹುಷಾರಾಗುತ್ತೆ. ಹಗುರ ಮೈ, ರೆಂಬೆಯ ತುದಿಗೆ ಓಡುತ್ತೆ. ಬೂದಿಗೆ ಆ ವಾಸನೆಯ ಅರ್ಥವೇ ಗೊತ್ತಿಲ್ಲ, ಅದರ ಪಕ್ಕದಲ್ಲೇ ಕೂತು ತಿನ್ನುತ್ತೆ. 2015ರಿಂದ 2017ರೊಳಗೆ ಸ್ಕಾಟ್ಲೆಂಡಿನಿಂದ 51 ಮಾರ್ಟೆನ್‌ಗಳನ್ನ ವೇಲ್ಸಿಗೆ ಒಯ್ದು ಬಿಟ್ಟಿದ್ದಾರೆ. ಆದ್ರೆ ಅದು ಪಟ್ಟಣದ ಪಾರ್ಕಿಗೆ ಬರಲ್ಲ, ಬೂದಿನ ಭದ್ರಕೋಟೆ ಇರೋದೇ ಅಲ್ಲಿ.

ಇನ್ನೊಂದು, ಹೇಜಲ್‌ನಟ್ ಪೇಸ್ಟಿನಲ್ಲಿ ಸಂತಾನ ನಿಯಂತ್ರಣ ಔಷಧಿ ಬೆರೆಸಿ, ಭಾರದ ಮೇಲೆ ತೆರೆಯೋ ಬಾಗಿಲಿನ ಡಬ್ಬಿಯಲ್ಲಿ ಇಡೋದು. ಕೆಂಪಿನ ತೂಕಕ್ಕೆ ಬಾಗಿಲು ತೆರೆಯಲ್ಲ. ಇನ್ನೂ ಸಂಶೋಧನೆಯಲ್ಲಿದೆ.

ಕೈಯಲ್ಲಿ ಈಗಿರೋ ಫಲಿತಾಂಶ ಬೋನಿನದು. ಆಂಗಲ್ಸೀ ದ್ವೀಪದಲ್ಲಿ 1998ರಲ್ಲಿ ಶುರು ಮಾಡಿದಾಗ ಕೆಂಪು ಉಳಿದಿದ್ದು ಸುಮಾರು ನಲವತ್ತು. ಬೂದನ್ನೆಲ್ಲ ತೆಗೆದ ಮೇಲೆ ಏಳುನೂರರ ಹತ್ತಿರ ಬಂತು. ಸೇತುವೆ ದಾಟಿ ಬೂದು ಮತ್ತೆ ಬರ್ತಾನೇ ಇರುತ್ತೆ, ಯಾರೋ ಕಾಯ್ತಾನೇ ಇರಬೇಕು. ಅಲ್ಲಿ ಅದು ಸಾಧ್ಯವಾದದ್ದು ಜನ ತಮ್ಮ ಹಿತ್ತಲ ಬಾಗಿಲು ತೆರೆದದ್ದರಿಂದ.

ತುಂಗಾತೀರ, ಒಪ್ಪಿದ್ರೆ ಒಂದು ಮಾತು. ನೀವೇ ಏನೂ ಮಾಡೋಕೆ ಹೋಗಬೇಡಿ. ಬೋನನ್ನ ದಿನಕ್ಕೆ ಒಂದು ಸಲವಾದರೂ ನೋಡಲೇಬೇಕು, ಕೆಂಪು ಬಿದ್ದರೆ ಆ ಕ್ಷಣ ಬಿಡಬೇಕು. 2010ರಲ್ಲಿ ಇಲ್ಲೊಬ್ಬರು ಬೋನಿನ ಬೂದಳಿಲನ್ನ ನೀರಿನ ಪೀಪಾಯಿಯಲ್ಲಿ ಮುಳುಗಿಸಿ ಪ್ರಾಣಿಹಿಂಸೆಯ ಕಾಯ್ದೆಯಡಿ ತಪ್ಪಿತಸ್ಥರಾದ್ರು. ಕೊಲ್ಲೋಕೆ ಅನುಮತಿ ಇದೆ, ಹಿಂಸೆಗೆ ಇಲ್ಲ.

ಎಡಿಸನ್ ಎಂಕಣ್ಣ

ಅಮ್ಮನಿಗೆ ಹೇಳಿದ್ರಾ ಇಲ್ವಾ, ಅದು ಹೇಳಿ ಮೊದಲು.

ತುಂಗಾತೀರ

ಮೂರು ವಾರ ಬಿಟ್ಟು ಬರೀತಿದ್ದೀನಿ, ಕ್ಷಮಿಸಿ.

ಡಬ್ಬಿ ಅವತ್ತೇ ಇಳಿಸಿದೆ. ಬೋನಿಗೆ ಒಪ್ಪೋಕೆ ಇನ್ನೂ ನಾಲ್ಕು ದಿನ ಬೇಕಾಯ್ತು. ಎರಡಡಿ ಉದ್ದದ ತಂತಿಬಲೆಯ ಪೆಟ್ಟಿಗೆ, ಮೇಲೆ ಮಳೆಗೆ ಹಲಗೆ, ಒಳಗೆ ಒಂದು ತಗಡಿನ ತಟ್ಟೆ, ಅದರಾಚೆ ಒಂದು ಹಿಡಿ ಜೋಳ. ತಟ್ಟೆ ಮೇಲೆ ಕಾಲಿಟ್ಟರೆ ಹಿಂದೆ ಬಾಗಿಲು ಬೀಳುತ್ತೆ. ಪಕ್ಕದ ಮನೆಯವರು ದಿನಕ್ಕೆ ಎರಡು ಸಲ ಬಂದು ನೋಡಿ ಹೋಗೋರು, ಒಂದು ಪುಸ್ತಕದಲ್ಲಿ ತಾರೀಕು ಬರೆಯೋರು.

ಮೂರನೇ ದಿನ ಬೆಳಿಗ್ಗೆ ಬಿದ್ದಿದ್ದು ಕೆಂಪು! ಇಷ್ಟು ವರ್ಷದಲ್ಲಿ ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾನಂದುಕೊಂಡಿದ್ದರ ಅರ್ಧ ಇತ್ತು. ಕಿವಿಯ ಜುಟ್ಟು ಬೇಸಿಗೆಯಲ್ಲಿ ಉದುರುತ್ತಂತೆ, ಇರಲಿಲ್ಲ. ಬಾಲದ ತುದಿ ಬಿಸಿಲಿಗೆ ಮಾಸಿ ಗೋಧಿ ಬಣ್ಣ. ಪಕ್ಕೆ ಬಡಿದುಕೊಳ್ಳೋದು ತಂತಿಯಾಚೆಗೂ ಕಾಣ್ತಿತ್ತು. ಅವರು ಮಂಡಿಯೂರಿ ಬಾಗಿಲು ಎತ್ತಿದ್ರು, ಒಂದು ಕ್ಷಣ ಹೊರಡಲಿಲ್ಲ, ಆಮೇಲೆ ಹೋದದ್ದೇ ಕಾಣಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅಮ್ಮ ಕಿಟಕಿಯಿಂದ ನೋಡ್ತಿದ್ದವರು, "ಇದಕ್ಕೂ ಗೆರೆ ಇಲ್ಲ" ಅಂದ್ರು.

ಮುಂದಿನ ಗುರುವಾರ ಸುಬ್ಬ ಬಿದ್ದ. ಹರಿದ ಕಿವಿ, ಅನುಮಾನವೇ ಇಲ್ಲ. ಅವರು ಬಂದು, ಬೋನಿನ ಮೇಲೆ ಹಳೇ ಟವೆಲ್ ಹೊದಿಸಿ, ನನ್ನ ಭುಜ ಒಂದು ಸಲ ಮುಟ್ಟಿ ತಗೊಂಡು ಹೋದ್ರು. ನಾನು ಒಳಗೆ ಬಂದು ಟೀ ಇಟ್ಟೆ. ಅಮ್ಮ ಹುರುಳಿಕಾಯಿ ಮುರೀತಿದ್ರು.

"ಕಾಡು ಎಷ್ಟು ದೂರವಂತೆ?" ಅಂದ್ರು.

ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಊರಲ್ಲಿ ಅಟ್ಟದ ಇಲಿಬೋನು ತಗೊಂಡು ಅಪ್ಪ ಬೆಳಿಗ್ಗೆ ಕೆರೆ ಕಡೆ ಹೋಗ್ತಿದ್ರಲ್ಲ, ನೀನು ಹಿಂದೆ ಓಡ್ತಿದ್ದೆ. ನಿನ್ನ ಹಿಡಿದು ನಿಲ್ಲಿಸಿ, ತೋಟದಾಚೆ ಬಿಟ್ಟು ಬರ್ತಾರೆ ಕಣೋ ಅಂತ ನಾನು ಎಷ್ಟು ಸಲ ಹೇಳಿದ್ದೀನಿ" ಅಂದ್ರು. ಕಾಯಿ ಮುರಿಯೋದು ನಿಲ್ಲಿಸಲಿಲ್ಲ.

ನಾನು ಅದನ್ನ ಇಷ್ಟು ವರ್ಷ ನಂಬಿದ್ದೆ ಮಾರಾಯ್ರೆ.

ಗಂಡುಮೆಟ್ಟಿನ ಮಂದಿ

ನಾನೂ ನಂಬೇನ್ರಿ. ಈಗ ಹೋಗಿ ಅವ್ವನ್ನ ಕೇಳ್ತೀನಿ ತಡೀರಿ.